ಹೋಟೆಲಿನಲ್ಲಿ ಬ್ಯಾಗು ಕಳೆದರೆ ಬೋರ್ಡು ನೋಡಿ ವಾಪಸ್ ಬರಬೇಡಿ

ದೀಪಾವಳಿ ರಜೆಗೆ ಮುಂಬಯಿ ಪಕ್ಕದ ಠಾಣೆ ಊರಿನಿಂದ ಗೋವಾಕ್ಕೆ ಹೋಗಿದ್ದೆವು. ಕಲಂಗುಟ್‌ನಲ್ಲಿ ಒಂದು ಹೋಟೆಲು, ಹೆಸರು ಬೇಡ. ವಾಪಸ್ ಬರುವ ದಿನ ಹನ್ನೊಂದಕ್ಕೆ ರೂಮ್ ಖಾಲಿ ಮಾಡಿದೆವು, ಸಂಜೆ ಮಡಗಾಂವ್‌ನಲ್ಲಿ ಕೊಂಕಣ ಕನ್ಯಾ ರೈಲು ಹಿಡಿಯಬೇಕಿತ್ತು, ಅಲ್ಲಿಯವರೆಗೆ ಇರಲಿ ಅಂತ ನಾಲ್ಕೂ ಬ್ಯಾಗು ರಿಸೆಪ್ಷನ್‌ನಲ್ಲಿ ಕೊಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಮೂರೇ ಇವೆ. ಕೌಂಟರಿನ ಹುಡುಗ ಮಾತೇ ಆಡದೆ ಗೋಡೆ ಮೇಲಿನ ಬೋರ್ಡು ತೋರಿಸಿದ. ‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು.’

ಆ ಬೋರ್ಡಿಗೆ ನೀವು ಅಂದುಕೊಂಡಷ್ಟು ಬಲ ಇಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಸಾಮಾನು ನಿಮ್ಮ ಕೈಯಿಂದ ಅವರ ಕೈಗೆ ಹೋಗಿತ್ತಾ? ಬ್ಯಾಗು ಕೌಂಟರಿಗೆ ಕೊಟ್ಟಿರಿ, ಬಟ್ಟೆ ಲಾಂಡ್ರಿಗೆ ಕೊಟ್ಟಿರಿ, ಕಾರಿನ ಕೀ ವ್ಯಾಲೆಗೆ (ಕಾರು ಒಯ್ದು ನಿಲ್ಲಿಸುವ ಹೋಟೆಲಿನ ಸಿಬ್ಬಂದಿಗೆ) ಕೊಟ್ಟಿರಿ ಅಂದರೆ 1872ರ ಕರಾರು ಕಾಯ್ದೆಯ ಪ್ರಕಾರ ಅದು ಬೇಲ್‌ಮೆಂಟ್, ಅಂದರೆ ನೋಡಿಕೊಂಡು ವಾಪಸ್ ಕೊಡಲಿ ಅಂತ ಸಾಮಾನು ಒಪ್ಪಿಸಿದ್ದು. ಬುದ್ಧಿ ಇರುವವನು ತನ್ನ ಸ್ವಂತ ಸಾಮಾನನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ಅವರೂ ಮಾಡಲೇಬೇಕು ಅನ್ನುತ್ತದೆ ಅದರ 151ನೇ ಸೆಕ್ಷನ್.

1998ರ ಆಗಸ್ಟ್‌ನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ವ್ಯಾಲೆಗೆ ಕೊಟ್ಟ ಒಂದು ಮಾರುತಿ ಝೆನ್ ಕಳುವಾಯಿತು. ಚೀಟಿಯ ಮೇಲೆ ‘ಮಾಲೀಕರದೇ ಜವಾಬ್ದಾರಿ’ ಅಂತ ಅಚ್ಚಾಗಿತ್ತು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2019ರ ನವೆಂಬರ್‌ನಲ್ಲಿ ತೀರ್ಪು ಬಂತು, ಪೀಠದಲ್ಲಿ ಇದ್ದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್. ತನ್ನ ಅಥವಾ ತನ್ನ ಸಿಬ್ಬಂದಿಯ ನಿರ್ಲಕ್ಷ್ಯಕ್ಕೆ ಹೋಟೆಲು ಚೀಟಿಯ ಹಿಂದೆ ಅಡಗಿಕೊಳ್ಳುವಂತಿಲ್ಲ, ನಾವು ಸರಿಯಾಗಿಯೇ ನೋಡಿಕೊಂಡಿದ್ದೆವು ಅಂತ ತೋರಿಸಬೇಕಾದ್ದು ಅವರೇ ಅಂತಾಯಿತು. ತೀರ್ಪು ಕಾರಿನದ್ದು ನಿಜ, ಆದರೆ ನಾವು ಬ್ಯಾಗಿಗೆ ವಾದ ಮಾಡಿದ್ದೂ ಇದನ್ನೇ ಹಿಡಿದು.

ರೂಮಿನಲ್ಲೇ ಇಟ್ಟದ್ದು ಹೋದರೆ ಕತೆ ಬೇರೆ. ಅಲ್ಲಿ ಹೋಟೆಲಿನವರ ತಪ್ಪನ್ನು ನೀವು ತೋರಿಸಬೇಕು: ಬೀಗ ಕೆಟ್ಟಿತ್ತು, ಮಾಸ್ಟರ್ ಕೀ ಯಾರ ಕೈಗೋ ಸಿಕ್ಕಿತ್ತು, ಹೀಗೆ. ಪ್ಯಾಂಟಿನ ಜೇಬಲ್ಲಿ ಇಟ್ಟಿದ್ದ ಹತ್ತು ಸಾವಿರ ಹೋಯಿತು ಅಂದರೆ, ಬೇಜಾರಾದರೂ ಹೇಳುತ್ತೇನೆ, ಸಿಗುವ ಆಸೆ ಕಡಿಮೆ. ಚಿನ್ನ ಇದ್ದರೆ ರಿಸೆಪ್ಷನ್ ಲಾಕರಿಗೆ ಕೊಟ್ಟು, ಏನೇನಿದೆ ಅಂತ ಬರೆಸಿ ರಸೀದಿ ತಗೊಳ್ಳಿ.

ಕಳೆದದ್ದು ಗೊತ್ತಾದ ತಕ್ಷಣ ಕೂಗಾಡಬೇಡಿ (ನಾನು ಕೂಗಾಡಿದೆ, ಅರ್ಧ ಗಂಟೆ ದಂಡ). ಮ್ಯಾನೇಜರನ್ನು ಕರೆಸಿ. ಎಷ್ಟು ಗಂಟೆಗೆ, ಯಾರ ಕೈಗೆ, ಏನು ಕೊಟ್ಟೆವು ಅಂತ ಒಂದು ಹಾಳೆಯಲ್ಲಿ ಬರೆದು, ಇನ್ನೊಂದು ಪ್ರತಿಗೆ ಅವರ ಸಹಿ ಸೀಲು ಹಾಕಿಸಿ. ಹಾಕಲ್ಲ ಅಂದರೆ ಅಲ್ಲೇ ನಿಂತು ಹೋಟೆಲಿನ ಇಮೇಲಿಗೆ ಕಳಿಸಿ. ಅದರಲ್ಲೇ ಇನ್ನೊಂದು ಸಾಲು ಸೇರಿಸಿ: ಇವತ್ತಿನ ಸಿಸಿಟಿವಿ ರೆಕಾರ್ಡಿಂಗ್ ಅಳಿಸಬೇಡಿ. ಹಳೆಯದರ ಮೇಲೆ ಹೊಸದು ಕೂರುವ ಯಂತ್ರ ಅದು, ತಡ ಮಾಡಿದರೆ ಕೈಗೆ ಏನೂ ಸಿಗಲ್ಲ. ರೂಮಿನಿಂದ ಹೋಗಿದ್ದರೆ, ಕಾರ್ಡ್ ಹಾಕುವ ಬೀಗ ಆದರೆ ಯಾವ ಕಾರ್ಡಿನಿಂದ ಯಾವಾಗ ತೆರೆಯಿತು ಅನ್ನೋ ದಾಖಲೆಯನ್ನೂ ಕೇಳಿ.

ಆಮೇಲೆ ಪೊಲೀಸ್ ಠಾಣೆ. ‘ಕಳೆದುಹೋಗಿದೆ’ ಅಂತ ಬರೆದು ಒಂದು ಚೀಟಿ ಕೊಟ್ಟರೆ ಅದು ಎಫ್‌ಐಆರ್ ಅಲ್ಲ, ಕಳುವಾಗಿದ್ದರೆ ಕಳುವು ಅಂತಲೇ ಬರೆಸಿ. ಪ್ರತಿ ಪುಕ್ಕಟೆ ಕೊಡಬೇಕು. ರೈಲಿಗೆ ಹೊತ್ತಾಯಿತು ಅಂದರೂ ತೊಂದರೆ ಇಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಝೀರೋ ಎಫ್‌ಐಆರ್ ಇದೆ, ಊರಿಗೆ ಬಂದು ನಿಮ್ಮ ಠಾಣೆಯಲ್ಲೂ ಕೊಡಬಹುದು.

ಲಾಂಡ್ರಿಯಲ್ಲಿ ಶರ್ಟು ಸುಟ್ಟುಕೊಂಡು ಬಂದರೆ ಬಿಲ್ಲಿಗೆ ಸಹಿ ಹಾಕುವ ಮುಂಚೆ ಬಿಚ್ಚಿ ನೋಡಿ, ಚೀಟಿ ಮೇಲೇ ಬರೆಯಿರಿ.

ಹೋಟೆಲು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಗೋವಾಕ್ಕೆ ಓಡಾಡಬೇಕಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ಹಾಕಬಹುದು. ವಕೀಲರು ಬೇಕೇಬೇಕು ಅಂತಿಲ್ಲ. ಹೋಟೆಲಿಗೆ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ನಮ್ಮದು ಅಲ್ಲಿವರೆಗೆ ಹೋಗಲಿಲ್ಲ. ಕೌಂಟರಿನ ಹುಡುಗ ‘ಮೂರೇ ಕೊಟ್ಟಿದ್ರಿ’ ಅಂತ ಸಾಧಿಸುತ್ತಿದ್ದ. ಅಷ್ಟರಲ್ಲಿ ಮಗಳು ಮೊಬೈಲ್ ತೆಗೆದಳು. ಬೆಳಿಗ್ಗೆ ತಮಾಷೆಗೆ ತೆಗೆದ ಫೋಟೋ, ತಮ್ಮ ನಾಲಿಗೆ ಚಾಚಿದ್ದಾನೆ, ಹಿಂದೆ ಅದೇ ಹುಡುಗ ನಾಲ್ಕನೇ ಬ್ಯಾಗಿನ ಹಿಡಿಗೆ ಕೆಂಪು ದಾರ ಕಟ್ಟುತ್ತಿದ್ದಾನೆ. ಮ್ಯಾನೇಜರ್ ಸುಮ್ಮನಾದ. ಬ್ಯಾಗಿಗೆ, ಶೂಗೆ, ಬಿಲ್ ಸಿಕ್ಕಿದ ಎರಡು ಡ್ರೆಸ್ಸಿಗೆ ದುಡ್ಡು ಬಂತು. ನನ್ನ ಹೆಂಡತಿಯ ಇಳಕಲ್ ಸೀರೆಗೆ ಬರಲಿಲ್ಲ, ನೇಕಾರರ ಮನೆಯಲ್ಲೇ ತಗೊಂಡದ್ದು, ಬಿಲ್ ಎಲ್ಲಿಂದ ತರೋದು? ಮದುವೆಯಲ್ಲಿ ಉಟ್ಟ ಫೋಟೋ ತೋರಿಸಿದರೆ ‘ಅದೇ ಸೀರೆ ಬ್ಯಾಗಲ್ಲಿತ್ತು ಅಂತ ಹೇಗೆ ಹೇಳ್ತೀರಿ’ ಅಂದ. ಈಗ ಅವಳು ಜಿಪ್ ಹಾಕುವ ಮುಂಚೆ ಬ್ಯಾಗನ್ನು ಮಂಚದ ಮೇಲೆ ತೆರೆದಿಟ್ಟು ಒಂದು ಫೋಟೋ ತೆಗೆಯುತ್ತಾಳೆ.