ಕೊಳೆಯಲು ಬಿಟ್ಟ ಮಾವಿನಿಂದ ಉಳಿಯ ಹಿಡಿ

ಶಿಲೀಂಧ್ರ ಮರದೊಳಗೆ ಎಳೆಯುವ ಕಪ್ಪು ಗೆರೆಗಳಿಗಾಗಿ ಮಾವಿನ ದಿಮ್ಮಿಯನ್ನು ಬೇಕೆಂದೇ ಕೊಳೆಯಲು ಬಿಟ್ಟಿದ್ದೇನೆ ಎಂದಾಗ ನನಗೆ ಕೆಲಸ ಕಲಿಸಿದ ಆಚಾರ್ಯರು, "ಅದು ಸೌದೆಗೂ ಆಗುವುದಿಲ್ಲ ಮಾರಾಯ" ಎಂದಿದ್ದರು. ಹೋದ ತಿಂಗಳು ಅದೇ ಮರದ ಹಿಡಿಯೊಂದನ್ನು ಅವರೇ ಕೇಳಿ ಪಡೆದರು. ದುಡ್ಡು ಕೊಡಲಿಲ್ಲ, ಅದು ಬೇರೆ ಮಾತು.

ಮೊದಲ ಮಳೆಗಾಲ ಪೂರ್ತಿ ನಷ್ಟ. ದಿಮ್ಮಿಗಳನ್ನು ಅಂಗಳದ ಮಣ್ಣಿನ ಮೇಲೆಯೇ ಇಟ್ಟಿದ್ದೆ. ಉಡುಪಿಯ ಮಳೆ ಕೇಳಬೇಕೆ? ತುಳುನಾಡಿನ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಅಡಿಗೆ ಒರಲೆ, ಮೇಲೆಲ್ಲ ಬೆಂಡು. ಮರುವರ್ಷ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದೆ. ಗಾಳಿಯಾಡದೆ ಹಸಿರು ಬೂಷ್ಟು ಬಂತು, ಗೆರೆ ಬರಲಿಲ್ಲ. ಮರ, ಮಿಲ್ಲಿನ ಕೂಲಿ, ರಿಕ್ಷಾ ಬಾಡಿಗೆ ಸೇರಿ ಆರೇಳು ಸಾವಿರ ಹೋಗಿರಬೇಕು. ಮನೆಯಲ್ಲಿ ನಾಲ್ಕು ಸಾವಿರ ಎಂದಿದ್ದೇನೆ.

ಮೂರನೆಯ ಸಲ ಒಂದೂವರೆ ಅಡಿಯ ತುಂಡುಗಳನ್ನು ತೊಗಟೆ ಸಹಿತ ಕೊಟ್ಟಿಗೆಯ ಮೂಲೆಯಲ್ಲಿ ಕೆಂಪುಕಲ್ಲಿನ ಮೇಲೆ ನಿಲ್ಲಿಸಿ, ಒದ್ದೆ ಗೋಣಿ ಹೊದಿಸಿದೆ. ನಡುವೆ ಆಗಲೇ ಶಿಲೀಂಧ್ರ ಹಿಡಿದಿದ್ದ ಹಳೆಯ ದಿಮ್ಮಿಯೊಂದರ ಚೂರುಗಳು. ಅದು ಯಾವ ಮರದ ದಿಮ್ಮಿ ಎಂದು ಹೇಳುವುದಿಲ್ಲ. ಒಂದು ಶಿಲೀಂಧ್ರಕ್ಕೆ ಇನ್ನೊಂದು ಎದುರಾದಲ್ಲಿ ಕಪ್ಪು ಗಡಿ ಏಳುತ್ತದಷ್ಟೆ. ಸುಮಾರು ಹತ್ತು ವಾರಕ್ಕೆ ಕೊಯ್ದಾಗ ಶಾಯಿಯಲ್ಲಿ ಗೀಚಿದಂತಹ ಗೆರೆಗಳು. ಉಗುರು ಊರಿ ನೋಡಿದೆ, ಗುರುತು ಬೀಳಲಿಲ್ಲ. ಬಿದ್ದಿದ್ದರೆ ತಡವಾಯಿತೆಂದೇ ಲೆಕ್ಕ. ಆಮೇಲೆ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಮೂರು ತಿಂಗಳು ಒಣಗಿಸಿದೆ. ಒಣಗದಿದ್ದರೆ ಕೊಳೆ ನಿಲ್ಲುವುದಿಲ್ಲ.

ಕಡೆಯುವಾಗ ಅವಸರ ಸಲ್ಲ. ಕಪ್ಪು ಗೆರೆಯ ಮೇಲೆ ಉಳಿ ಕಟಕಟ ಎನ್ನುತ್ತದೆ, ಪಕ್ಕದ ಬಿಳಿಯಲ್ಲಿ ಬಾಳೆದಿಂಡಿಗೆ ಹೊಕ್ಕಂತೆ ಹೋಗಿಬಿಡುತ್ತದೆ. ಮೆತ್ತಗಿನ ಜಾಗಕ್ಕೆ ತೆಳುವಾದ ಸೂಪರ್ ಗ್ಲೂ ಕುಡಿಸಿದೆ. ಮಾಸ್ಕ್ ಇಲ್ಲದೆ ಉಜ್ಜಿ ಎರಡು ವಾರ ಕೆಮ್ಮಿದ್ದೂ ಉಂಟು. ಅಗಸೆ ಎಣ್ಣೆ ತಾಗಿದೊಡನೆ ಗೆರೆಗಳು ಎದ್ದು ಬಂದವು.

ನಡುವೆ ರಬ್ಬರ್ ಮರವನ್ನೂ ನೋಡಿದೆ: ಕೆಲವೇ ವಾರಗಳಲ್ಲಿ ನೀಲಿಗಟ್ಟಿತು, ಗೆರೆ ಇಲ್ಲ. ಹಲಸಿನ ತಿರುಳು ಜಪ್ಪಯ್ಯ ಎನ್ನಲಿಲ್ಲ. ಹೊರಗಿನ ಬಿಳಿ ಮರ ಮಾತ್ರ ಸ್ವಲ್ಪ ಬಣ್ಣ ಬದಲಿಸಿತು.

ಇಲ್ಲಿಯವರೆಗೆ ಮೂವತ್ತೈದು ನಲವತ್ತು ಹಿಡಿಗಳು ತಲಾ 350ರಂತೆ ಹೋಗಿವೆ. ಎಲ್ಲವೂ ಕೈಯಲ್ಲಿ ಒತ್ತಿ ಕೆತ್ತುವ ಉಳಿಗಳಿಗೆ. ಹೊಡೆಯುವ ಉಳಿಗೆ ಕೊಡುವುದಿಲ್ಲ. ಹುರುಪಿನಲ್ಲಿ ಒಂದು ಕೊಡತಿಯನ್ನೂ ಮಾಡಿದ್ದೆ. ಎರಡನೆಯ ದಿನ ತಲೆ ಎರಡು ಹೋಳಾಯಿತು. ಕೊಡತಿಗೆ ಮತ್ತೆ ಹುಣಸೆಗೇ ಬಂದಿದ್ದೇನೆ.