ನಾಟಿ ಕೋಳಿ ಆರಿಸುವಾಗ ನಾನು ಬಣ್ಣ ನೋಡುವುದು ಕೊನೆಗೆ

ನಾಟಿ ಕೋಳಿ, ಜವಾರಿ ಕೋಳಿ, ಊರ ಕೋಳಿ ಎಂದು ಏನೇ ಕರೆದರೂ ಅದು ಒಂದೇ ತಳಿಯಲ್ಲ. ಒಂದು ಹೇಂಟೆಯ ಕಾವಿನಲ್ಲೇ ಕೆಂಪು, ಕರಿ, ಬೂದು, ಪಟ್ಟೆ ಮರಿಗಳು ಒಟ್ಟಿಗೆ ಏಳುತ್ತವೆ. ಹಬ್ಬಕ್ಕೆ, ಹರಕೆಗೆ ಕೊಳ್ಳುವವರು ಬಣ್ಣ ಕೇಳುತ್ತಾರೆ, ಅದು ಸರಿ. ಮರಿ ಮಾಡಿಸಲು ಉಳಿಸಿಕೊಳ್ಳುವಾಗ ನಾನು ಮೊದಲು ಕತ್ತು, ಕಾಲು, ಜುಟ್ಟು ನೋಡುತ್ತೇನೆ.

ಬೋಳು ಕತ್ತಿನ ಕೋಳಿಯನ್ನು ನೋಡಿ ರೋಗ ಎನ್ನುವವರಿದ್ದಾರೆ. ರೋಗವಲ್ಲ, ಹುಟ್ಟುಗುಣ. ಕತ್ತಿನ ಮುಂಭಾಗದಲ್ಲಿ, ಎದೆಗಿಂತ ಸ್ವಲ್ಪ ಮೇಲೆ, ಒಂದು ಹಿಡಿ ಪುಕ್ಕದ ಗೊಂಚಲು ಉಳಿದಿದ್ದರೆ ಆ ಗುಣ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಕತ್ತು ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ. ಪೂರ್ತಿ ಬೋಳು ಹುಂಜವನ್ನು ಸಾಮಾನ್ಯ ಹೇಂಟೆಗಳಿಗೆ ಬಿಟ್ಟರೆ ಮರಿಗಳೆಲ್ಲ ಗೊಂಚಲಿನವು. ಗೊಂಚಲಿನ ಜೋಡಿಯಲ್ಲಿ ಸರಾಸರಿ ಕಾಲು ಭಾಗ ಪೂರ್ತಿ ಬೋಳು, ಕಾಲು ಭಾಗ ಸಾಮಾನ್ಯ. ಮೈಮೇಲೂ ಪುಕ್ಕ ಕಡಿಮೆಯಾದ್ದರಿಂದ ಬಯಲುಸೀಮೆಯ ಬಿಸಿಲಿಗೆ ಇವು ಚೆನ್ನಾಗಿ ತಾಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಮರಿಗಳಿಗೆ ಬೆಚ್ಚಗಿನ ಜಾಗ ಬೇಕೇ ಬೇಕು.

ಕಾಲಿನ ವಿಷಯದಲ್ಲಿ ಹುಷಾರು. ಮೈ ಮಾಮೂಲಿ ಗಾತ್ರದ್ದು, ಕಾಲು ಮಾತ್ರ ಮೋಟು, ಹೊಟ್ಟೆ ನೆಲಕ್ಕೆ ತಾಗುವಂತಿದೆ ಎಂದರೆ ಅಂಥ ಹುಂಜ ಹೇಂಟೆಗಳನ್ನು ಜೋಡಿ ಮಾಡಬೇಡಿ. ಆ ಗುಣ ಎರಡೂ ಕಡೆಯಿಂದ ಬಂದ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಸರಾಸರಿ ನಾಲ್ಕರಲ್ಲಿ ಒಂದು ಹೀಗೆ ಹೋಗುತ್ತದೆ. ಕಾವಿನ 7ನೇ ದಿನ ಮೊಟ್ಟೆಯನ್ನು ಟಾರ್ಚಿಗೆ ಹಿಡಿದರೆ ರಕ್ತನಾಳಗಳ ಜಾಲದ ಬದಲು ಕೆಂಪು ಉಂಗುರ ಕಾಣುತ್ತದೆ. ಹುಂಜದಲ್ಲಿ ಕಸುವಿಲ್ಲ ಎಂದು ಸುಮ್ಮನೆ ಅದನ್ನು ದೂರುತ್ತಾರೆ. ಹುಂಜದ ದೋಷವಾಗಿದ್ದರೆ ಮೊಟ್ಟೆ ಪೂರ್ತಿ ತಿಳಿಯಾಗಿರುತ್ತಿತ್ತು. ಮೋಟು ಕಾಲಿನದಕ್ಕೆ ಉದ್ದ ಕಾಲಿನದನ್ನೇ ಜೊತೆ ಮಾಡಿದರೆ ಈ ನಷ್ಟವಿಲ್ಲ.

ಹಳದಿ ಕಾಲು ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯ ಕಡೆಯಿಂದ ಬಂದ ಗುಣ ಎಂದು 2008ರ ಸಂಶೋಧನೆಯೊಂದು ತೋರಿಸಿತು. ನನಗೆ ಅದರ ಉಪಯೋಗ ಬೇರೆ. ಮೊಟ್ಟೆ ಇಡುತ್ತಾ ಹೋದಂತೆ ಹೇಂಟೆಯ ಕಾಲಿನ ಹಳದಿ ತೆಳುವಾಗುತ್ತದೆ. ಮೊಟ್ಟೆಯ ಕಾಲದಲ್ಲೂ ಕಾಲು ಗಾಢ ಹಳದಿಯಾಗೇ ಇದ್ದರೆ, ಅದು ತಿಂದುಕೊಂಡು ಸುಮ್ಮನಿದೆ ಎಂದು ಲೆಕ್ಕ. ಖಾತ್ರಿಗೆ ಹಿಂಭಾಗದ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡುತ್ತೇನೆ: ಇಡುವ ಹೇಂಟೆಯಲ್ಲಿ ಎರಡು ಮೂರು ಬೆರಳು ಹಿಡಿಯುತ್ತದೆ, ಇಡದಿದ್ದರೆ ಒಂದೇ.

ಜುಟ್ಟು ಗರಗಸದಂತೆ ನಿಂತಿರುವುದೇ ಹೆಚ್ಚು. ನೆತ್ತಿಗೆ ಅಂಟಿದಂತೆ ಮೂರು ಸಾಲು ಗುಳ್ಳೆಯಿದ್ದು ಕಾಲು ಕತ್ತು ಉದ್ದವಾಗಿದ್ದರೆ ಕಾಳಗದ ತಳಿಯಾದ ಅಸೀಲ್‌ನ ರಕ್ತ ಬೆರೆತಿರುವ ಸಂಭವವಿದೆ. ತೂಕ ಬರುತ್ತದೆ, ಜಗಳವೂ ಬರುತ್ತದೆ. ಅಂಥ ಎರಡು ಹುಂಜ ಒಂದೇ ಗೂಡಿನಲ್ಲಿ ಬೇಡ. ಮಾಮೂಲಿ ಹುಂಜವಾದರೆ ಎಂಟು ಹತ್ತು ಹೇಂಟೆಗೆ ಒಂದು ಸಾಕು.

ಗಿರಿರಾಜ ಎಂಬ ಸುಧಾರಿತ ತಳಿಯ ಹುಂಜ ಬಿಟ್ಟು ತೂಕ ಹೆಚ್ಚಿಸಿಕೊಳ್ಳುವವರು ಒಂದು ತಿಳಿದಿರಲಿ: ಮುಂದಿನ ಹೇಂಟೆಗಳಲ್ಲಿ ಕಾವಿಗೆ ಕೂರುವ ಬುದ್ಧಿ ಕಡಿಮೆಯಾಗುತ್ತದೆ. ಇನ್‌ಕ್ಯುಬೇಟರ್ ಇಲ್ಲದ ಮನೆಗೆ ಅದು ದೊಡ್ಡ ನಷ್ಟ.

ಬಣ್ಣದಿಂದ ಲಾಭವೇ ಇಲ್ಲವೆಂದಲ್ಲ. ಅಡ್ಡಪಟ್ಟೆಯ ಹೇಂಟೆಗೆ ಅಪ್ಪಟ ಕರಿ ಹುಂಜ ಬಿಟ್ಟರೆ, ಮರಿ ಎದ್ದ ದಿನವೇ ನೆತ್ತಿ ನೋಡಿ. ಬಿಳಿ ಮಚ್ಚೆಯಿದ್ದರೆ ಹುಂಜ, ಇಲ್ಲದಿದ್ದರೆ ಹೇಂಟೆ. ಹುಂಜ ಪಟ್ಟೆಯದಾಗಿ ಹೇಂಟೆ ಕರಿಯದಾದರೆ ಈ ಲೆಕ್ಕ ನಡೆಯುವುದಿಲ್ಲ.