ಡಿಕ್ಕಿಯಲ್ಲಿ ನೀರು: ಸಿಲಿಕಾನ್ ಬಳಿಯುವ ಮೊದಲು ತೂತು ಹುಡುಕಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ 2,000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಅದರಲ್ಲಿ ಒಂದಿಷ್ಟು ಕಾರಿನ ಡಿಕ್ಕಿಗೂ ಸೇರುತ್ತದೆ. ಗೊತ್ತಾಗುವುದು ಯಾವಾಗ? ಊರಿಂದ ತಂದ ಕುಚ್ಚಲಕ್ಕಿ ಚೀಲದ ತಳ ಒದ್ದೆಯಾದಾಗ. ಇಲ್ಲವೇ ಪಂಕ್ಚರ್ ಆಗಿ ಸ್ಟೆಪ್ನಿ ತೆಗೆಯಲು ಹೋದಾಗ ಅದು ಅರ್ಧ ನೀರಿನಲ್ಲಿ ಕೂತಿದ್ದು ಕಂಡಾಗ.

ಹೆಚ್ಚಿನವರು ಆಗ ಸಿಲಿಕಾನ್ ಟ್ಯೂಬ್ ತಂದು ಕಂಡ ಕಂಡ ಕಡೆ ಬಳಿಯುತ್ತಾರೆ. ಸೋರುವುದು ನಿಲ್ಲುವುದಿಲ್ಲ. ನೀರು ನಿಂತ ಜಾಗ ಬೇರೆ, ಒಳಗೆ ನುಗ್ಗಿದ ಜಾಗ ಬೇರೆ. ಛಾವಣಿಯ ಆಂಟೆನಾ ಬುಡದಲ್ಲಿ ಇಳಿದ ಹನಿ ಒಳಗಿಂದೊಳಗೇ ಹರಿದು ಸ್ಟೆಪ್ನಿ ಗುಂಡಿಗೆ ಬಂದು ಸೇರಬಹುದು.

ನೀರು ಬಂದದ್ದು ಯಾವಾಗ?

ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ಬಿಲ್ಡಿಂಗ್ ಕಾಂಪೌಂಡಿನಲ್ಲಿ ಸುಮ್ನೆ ನಿಂತ ಕಾರಿಗೆ ರಾತ್ರಿ ಮಳೆಯಲ್ಲಿ ನೀರು ತುಂಬಿದರೆ ಅದು ಮೇಲಿನಿಂದ ಬಂದದ್ದು. ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ನಿಂತ ನೀರಿನಲ್ಲಿ ಓಡಿಸಿದ ಮೇಲೆ ಮಾತ್ರ ಬಂದರೆ ಕೆಳಗಿನಿಂದ. ಸ್ಟೆಪ್ನಿ ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇರುತ್ತದೆ. ಅದು ಒಣಗಿ ಬಿರುಕು ಬಿಟ್ಟಿದ್ದರೆ ಅದೇ ಅಳತೆಯ ಹೊಸದು ಹಾಕಿ. ನೀರು ಖಾಲಿ ಮಾಡಲು ಬಿರಡೆ ತೆಗೆದು, ಮತ್ತೆ ಹಾಕದೆ ಬಿಡುವವರೂ ಇದ್ದಾರೆ! ಮುಂದಿನ ಸಲ ಅದೇ ತೂತಿನಿಂದ ನೀರು ಮೇಲೆ ಬರುತ್ತದೆ.

ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಗಾಜಿಗೆ ವಾಷರ್ ನೀರು ಬಿಟ್ಟಾಗಲೆಲ್ಲ ಒದ್ದೆಯಾಗುತ್ತಿದ್ದರೆ ಮಳೆಯನ್ನು ಬೈಯಬೇಡಿ. ಒಳಗಿನ ವಾಷರ್ ಪೈಪ್ ಕಳಚಿರುತ್ತದೆ.

ಸಿಎನ್‌ಜಿ ಕಾರಿನವರಿಗೆ ಒಂದು ಮಾತು. ಆಮೇಲೆ ಹಾಕಿಸಿದ ಕಿಟ್ ಆದರೆ ಸಿಲಿಂಡರ್ ಸ್ಟ್ಯಾಂಡ್ ಕೂರಿಸಲು ಡಿಕ್ಕಿಯ ತಳಕ್ಕೆ ತೂತು ಕೊರೆದಿರುತ್ತಾರೆ. ಆ ಬೋಲ್ಟುಗಳ ಸುತ್ತ ತುಕ್ಕು ಕಂಡರೆ ನೀವೇ ಸ್ಪ್ಯಾನರ್ ಹಿಡಿಯಬೇಡಿ, ಸಿಎನ್‌ಜಿ ಕೆಲಸದವರಿಗೇ ಬಿಡಿ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟಿಗೆ, ಅಂದರೆ ನೀರಿನ ಒತ್ತಡ ಕೊಟ್ಟು ಮಾಡುವ ಪರೀಕ್ಷೆಗೆ, ಸಿಲಿಂಡರ್ ಇಳಿಸಲೇಬೇಕಲ್ವಾ? ಆ ಸಮಯ ಹತ್ತಿರವಿದ್ದರೆ ತಳವನ್ನೂ ಆಗಲೇ ಸರಿ ಮಾಡಿಸಿ. ಸೋರಿದ ಗ್ಯಾಸ್ ಹೊರಗೆ ಹೋಗಲು ಇಟ್ಟ ಪೈಪಿನ ಬಾಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ನೀರು ಹಾಕಿ ನೋಡುವುದು

ಡಿಕ್ಕಿ ಪೂರ್ತಿ ಖಾಲಿ ಮಾಡಿ. ಮ್ಯಾಟ್, ಸ್ಟೆಪ್ನಿ, ಪಕ್ಕದ ಪ್ಲಾಸ್ಟಿಕ್ ಕವರುಗಳು ಎಲ್ಲ ಹೊರಗೆ ಬರಲಿ. ಒಳಗಿನ ತಗಡನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆ ತಗಡಿನ ಮೇಲೆ ಹೊಸ ಹನಿ ಕಾಣುವುದಿಲ್ಲ.

ಇಬ್ಬರು ಬೇಕು. ಒಬ್ಬರು ಹಿಂದಿನ ಸೀಟು ಮಡಚಿ, ಟಾರ್ಚ್ ಹಿಡಿದು ಒಳಗೆ ಕೂರಬೇಕು. ಕಾರಿನ ಬಾಗಿಲು ತೆರೆದೇ ಇರಲಿ. ಸೀಟು ಮಡಚಲು ಬರದ ಕಾರಿನಲ್ಲಿ ಯಾರನ್ನೂ ಡಿಕ್ಕಿಯೊಳಗೆ ಕೂರಿಸಿ ಮುಚ್ಚಬೇಡಿ, ಅದು ಅಪಾಯ. ಬದಲಿಗೆ ಒಣ ತಗಡಿಗೆ ಟಾಲ್ಕಂ ಪೌಡರ್ ಉದುರಿಸಿ. ನೀರು ಹರಿದ ದಾರಿ ಗೆರೆಯಾಗಿ ಕಾಣುತ್ತದೆ.

ಹೊರಗಿನವರು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬಂಪರ್ ಸುತ್ತ, ಆಮೇಲೆ ಟೇಲ್ ಲ್ಯಾಂಪ್, ಡಿಕ್ಕಿ ಬಾಗಿಲಿನ ಅಂಚು, ಹಿಂದಿನ ಗಾಜು, ಕೊನೆಗೆ ಛಾವಣಿ. ಒಂದೊಂದು ಕಡೆ ಮೂರ್ನಾಲ್ಕು ನಿಮಿಷ ನೀರು ಬಿಡಿ. ಅವಸರ ಬೇಡ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಸೋರಿದ್ದು ಯಾವುದು ಎಂದು ತಿಳಿಯುವುದೇ ಇಲ್ಲ.

ಪೈಪ್ ಹಿಡಿದು ಕಾರು ತೊಳೆಯಲು ನಿಮ್ಮ ಸೊಸೈಟಿಯವರು ಬಿಡದಿದ್ದರೂ ಚಿಂತೆಯಿಲ್ಲ. ಒಂದು ಬಕೆಟ್ ನೀರು, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ ಸಾಕು. ಪ್ರೆಷರ್ ವಾಷರ್ ಮಾತ್ರ ಬೇಡ. ಚೆನ್ನಾಗಿರುವ ರಬ್ಬರನ್ನೂ ದಾಟಿ ಅದು ನೀರು ನುಗ್ಗಿಸಿಬಿಡುತ್ತದೆ.

ಸಂಶಯ ಯಾರ ಮೇಲೆ?

ನನ್ನ ಮಟ್ಟಿಗೆ ಮೊದಲ ಸಂಶಯ ಟೇಲ್ ಲ್ಯಾಂಪ್ ಮೇಲೆ. ಅದರ ಹಿಂದಿನ ಫೋಮ್ ಗ್ಯಾಸ್ಕೆಟ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಆಮೇಲೆ ತಗಡಿಗೆ ಅಂಟಿ ಕೂರುವುದಿಲ್ಲ. ಒಳಗಿನ ನಟ್ಟುಗಳನ್ನು ಬಿಚ್ಚಿ, ಲ್ಯಾಂಪನ್ನು ನೇರ ಹಿಂದಕ್ಕೆ ಎಳೆದರೆ ಬರುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿ, ಸಿಗದಿದ್ದರೆ ಬ್ಯುಟೈಲ್ ಟೇಪ್ (ಮೆತ್ತಗಿನ ರಬ್ಬರ್ ಅಂಟುಪಟ್ಟಿ) ಸುತ್ತಿ. ನಟ್ಟುಗಳನ್ನು ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡಿ. ಜೋರಾಗಿ ತಿರುಗಿಸಿದರೆ ಲ್ಯಾಂಪಿನ ಪ್ಲಾಸ್ಟಿಕ್ ಒಡೆಯುತ್ತದೆ.

ಡಿಕ್ಕಿಯ ಬೀಡಿಂಗ್ ರಬ್ಬರಿಗೆ ಕಾಗದದ ಪರೀಕ್ಷೆ ಮಾಡಿ. ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಸಂದಿದೆ. ಅಷ್ಟಕ್ಕೇ ರಬ್ಬರ್ ಬದಲಿಸಲು ಓಡಬೇಡಿ. ಭಾರದ ಪೆಟ್ಟಿಗೆ ಎಳೆಯುವಾಗ ರಬ್ಬರ್ ಕೂರುವ ತಗಡಿನ ಅಂಚೇ ಬಗ್ಗಿರಬಹುದು. ಹೊಸ ಬೀಡಿಂಗ್ ಹಾಕುವುದೇ ಆದರೆ ಎಳೆದು ಕೂರಿಸಬೇಡಿ, ಅದರ ಎರಡು ತುದಿ ಸೇರುವ ಜಾಗ ಕೆಳಭಾಗದ ನಡುವೆ ಬರಲಿ. ಮೆದುವಾಗಿರಲು ಸಿಲಿಕಾನ್ ಗ್ರೀಸ್ ಹಚ್ಚಿ. ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬಂಪರ್ ಹಿಂದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಜಾಲರಿ ಕಂಡರೆ ಅದು ಕಾರಿನೊಳಗಿನ ಗಾಳಿ ಹೊರಹೋಗುವ ದಾರಿ. ಅದರ ರಬ್ಬರ್ ಎಲೆಗಳು ಮುಚ್ಚಿಕೊಳ್ಳುತ್ತಿಲ್ಲವೆಂದರೆ ಬದಲಿಸಿ. ಆದರೆ ಜಾಲರಿಯನ್ನೇ ಸೀಲ್ ಮಾಡಬೇಡಿ, ಗಾಜಿನಲ್ಲಿ ಮಂಜು ಕೂರುವುದು ಜಾಸ್ತಿಯಾಗುತ್ತದೆ. ಆಮೇಲೆ ಹಾಕಿಸಿದ ಸ್ಪಾಯ್ಲರ್, ರಿವರ್ಸ್ ಕ್ಯಾಮೆರಾದ ವೈರು ಹೋದ ತೂತುಗಳನ್ನೂ ನೋಡಿ.

ತಗಡುಗಳು ಸೇರುವ ಜಾಗದಲ್ಲಿ ಬಿರುಕು ಕಂಡರೆ ಹಳೆಯ ಸೀಲೆಂಟ್ ಕೆರೆದು, ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ ಒಣಗಿದ ಮೇಲೆ ಪಾಲಿಯುರೆಥೇನ್ ಸೀಮ್ ಸೀಲೆಂಟ್ ಹಾಕಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ಬಾತ್‌ರೂಮಿಗೆ ಸರಿ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಬೀಡಿಂಗ್, ಬಿರಡೆ, ಹಳೆಯ ಲ್ಯಾಂಪ್ ಬೇಕಿದ್ದರೆ ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಸೀಲೆಂಟ್ ಗಟ್ಟಿಯಾಗಲು ಒಂದು ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ನೀರು ಹಾಕಿ ನೋಡಿ. ಮ್ಯಾಟಿನ ಅಡಿಯ ಫೆಲ್ಟ್ (ದಪ್ಪ ಬಟ್ಟೆಯಂಥ ಪದರ) ಮೇಲ್ಭಾಗದಲ್ಲಿ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಜುಲೈಯಲ್ಲಿ ಬಿಸಿಲು ನಂಬುವಂತಿಲ್ಲ, ಮನೆಯೊಳಗೆ ಫ್ಯಾನ್ ಕೆಳಗೆ ಹಾಕಿ. ಅಲ್ಲಿಯವರೆಗೆ ಸ್ಟೆಪ್ನಿ ಗುಂಡಿಯಲ್ಲಿ ಹಳೆಯ ಪೇಪರ್ ಹಾಸಿರಿ. ಒಂದು ದೊಡ್ಡ ಮಳೆ ಕಳೆದ ಮೇಲೂ ಪೇಪರ್ ಗರಿಗರಿಯಾಗಿದ್ದರೆ ಮ್ಯಾಟ್ ವಾಪಸ್ ಹಾಕಬಹುದು.

ಹಿಂದಿನ ಗಾಜಿನ ಅಂಟು ಬಿಟ್ಟಿದ್ದರೆ, ಅಥವಾ ಹಿಂದಿನಿಂದ ಗುದ್ದಿಸಿಕೊಂಡು ತಗಡು ಬಡಿಸಿದ ಕಾರಾದರೆ, ಬಾಡಿ ಕೆಲಸದ ಗ್ಯಾರೇಜಿಗೇ ಕೊಡಿ. ಕಾರು ವಾಪಸ್ ತರುವ ದಿನ ನಿಮ್ಮೆದುರೇ ನೀರು ಹಾಕಿ ತೋರಿಸಲಿ, ಹಣ ಕೊಡುವುದು ಆಮೇಲೆ.